ಸನ್ನಿ ಹಿಡಿದವರ ಜೊತೆ ಆರು ದಿನ

ದಿನ 1, ಗುರುವಾರ

ನೆವಾರ್ಕ್ ಏರ್‌ಪೋರ್ಟಿನಲ್ಲಿ ನನ್ನ ಸೂಟ್‌ಕೇಸನ್ನು ಡಿಕ್ಕಿಗೆ ಹಾಕುತ್ತಾ ಭಾವ ಕೇಳಿದ್ದು ಒಂದೇ ಪ್ರಶ್ನೆ. “ಶೂ ಒಳ್ಳೇದು ಉಂಟಾ? ಸೇತುವೆ ಪೂರ್ತಿ ನಡೀಬೇಕು ಮಾರಾಯ.”

“ಅವನು ಊಟ ಮಾಡಿದ್ದಾನಾ ಅಂತ ಕೇಳಿ ಮೊದಲು,” ಅಂದಳು ಅಕ್ಕ. ಆಮೇಲೆ ನನ್ನ ಕಡೆ ತಿರುಗಿ, “ಇವರಿಗೆ ಸನ್ನಿ ಹಿಡಿದು ಇಪ್ಪತ್ತು ವರ್ಷ ಆಯ್ತು. ಈಗ ನಿನಗೂ ಅಂಟಿಸಿದ್ದಾರೆ,” ಅಂದಳು.

ಮನೆಯಲ್ಲಿ ಇದು ಹಳೇ ಜೋಕು. ಸನ್ನಿ ಅಂದರೆ ಜಾಝ್ ಸ್ಯಾಕ್ಸೋಫೋನ್ ವಾದಕ ಸನ್ನಿ ರಾಲಿನ್ಸ್. 1930ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಹುಟ್ಟಿದವರು. ಇಪ್ಪತ್ತು ತುಂಬುವ ಮೊದಲೇ ದೊಡ್ಡವರ ಜೊತೆ ರೆಕಾರ್ಡಿಂಗಿಗೆ ಕೂತವರು. ಎಂಬತ್ತು ದಾಟಿದ ಮೇಲೂ ಟೆನರ್ ಸ್ಯಾಕ್ಸೋಫೋನ್ ನೇತುಹಾಕಿಕೊಂಡು ಒಂದೇ ಹಾಡನ್ನು ಹಿಡಿದು ಜಗ್ಗಾಡಿದವರು. 2012ರ ನಂತರ ಅವರು ಕಚೇರಿ ಕೊಟ್ಟಿಲ್ಲ. ಶ್ವಾಸಕೋಶದ ಕಾಯಿಲೆ ವಾದ್ಯವನ್ನೇ ಕೈಬಿಡಿಸಿತು. ಹಾಗಾಗಿ ನಾನು ಬಂದದ್ದು ಅವರನ್ನು ಕೇಳಲಿಕ್ಕಲ್ಲ, ಕೇಳಿದವರನ್ನು ಕೇಳಲಿಕ್ಕೆ.

ನಾನು ಬಂಟ್ವಾಳದ ಕಡೆಯವನು. ನಮ್ಮಲ್ಲಿ ಸ್ಯಾಕ್ಸೋಫೋನ್ ಫಾರಿನ್ ಸಾಮಾನು ಅಂತ ಯಾರಿಗೂ ಅನ್ನಿಸುವುದಿಲ್ಲ. ಮದುವೆ ಮಂಟಪದಲ್ಲಿ, ಜಾತ್ರೆಯಲ್ಲಿ, ಕೋಲದ ಅಂಗಳದಲ್ಲಿ ಬೆಳಗಿನ ಜಾವದವರೆಗೂ ಅದನ್ನು ಕೇಳುತ್ತಲೇ ಬೆಳೆದವರು ನಾವು. ಕದ್ರಿ ಗೋಪಾಲನಾಥರು ನಮ್ಮ ತಾಲೂಕಿನ ಸಜಿಪಮೂಡದವರು. ನಾದಸ್ವರದ ಮನೆಯ ಹುಡುಗ ಮೈಸೂರು ಅರಮನೆ ಬ್ಯಾಂಡಿನಲ್ಲಿ ಈ ವಾದ್ಯ ಕಂಡು ಮರುಳಾದದ್ದು, ಅದರಲ್ಲಿ ಗಮಕ ಹುಟ್ಟಿಸಲು ವರ್ಷಗಟ್ಟಲೆ ಹೆಣಗಿದ್ದು ಊರಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ. ಅವರದ್ದು ಆಲ್ಟೋ. ರಾಲಿನ್ಸ್ ಅವರದ್ದು ಟೆನರ್, ಆಲ್ಟೋದ ಅಣ್ಣ. ಮೈ ದೊಡ್ಡದು, ಕುತ್ತಿಗೆಯಲ್ಲಿ ಕೊಕ್ಕರೆಗೆ ಇದ್ದ ಹಾಗೆ ಒಂದು ಬಾಗು, ದನಿ ಗಂಡಸಿನ ಗಂಟಲಿಗೆ ಹತ್ತಿರ.

ರಾತ್ರಿ ಊಟಕ್ಕೆ ಕುಚ್ಚಲಕ್ಕಿ ಅನ್ನ, ಬಸಳೆ ಸಾರು. ಅಕ್ಕ ಭಾವ ಇರುವ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಬಸಳೆ ಸಿಗುತ್ತದೆ ಎಂಬುದೇ ನನಗೆ ಆಶ್ಚರ್ಯ. ಕೈ ತೊಳೆದು ಕೂತ ಕೂಡಲೇ ಭಾವ ಶುರು ಮಾಡಿದರು. ಈ ಕಥೆಯನ್ನು ಫೋನಿನಲ್ಲಿ ನಾಲ್ಕು ಸಲ ಕೇಳಿದ್ದೇನೆ. ಎದುರಿಗೆ ಕೂತು ಕೇಳಿದ್ದು ಇದೇ ಮೊದಲು.

2010ರ ಸೆಪ್ಟೆಂಬರ್ 10. ಮ್ಯಾನ್‌ಹಟನ್‌ನ ಬೀಕನ್ ಥಿಯೇಟರ್. ರಾಲಿನ್ಸ್‌ಗೆ ಎಂಬತ್ತು ತುಂಬಿ ಮೂರೇ ದಿನ. ಭಾವ ಅವರನ್ನು ಏಕವಚನದಲ್ಲೇ ಕರೆಯುವುದು, ದೇವರನ್ನು ಕರೆದ ಹಾಗೆ.

“ಬೆನ್ನು ಬಾಗಿತ್ತು ಮಾರಾಯ. ಕಾಲು ಎಳೀತಾ ಬಂದ. ಪಾಪ, ಇವನೇನು ನುಡಿಸ್ತಾನೆ ಅಂತ ನನ್ನ ಪಕ್ಕದವನು ಗೊಣಗಿದ. ವಾದ್ಯ ಬಾಯಿಗೆ ಇಟ್ಟ ನೋಡು, ನನ್ನ ಎದೆಗೂಡು ಗುಂಯ್ ಅಂತು. ಕಿವಿ ಅಲ್ಲ, ಎದೆಗೂಡು.”

ಆ ರಾತ್ರಿ ಡ್ರಮ್ಸ್‌ಗೆ ರಾಯ್ ಹೇನ್ಸ್, ಅವರಿಗೆ ಎಂಬತ್ತೈದು. ಬಾಸ್‌ಗೆ ಕ್ರಿಶ್ಚಿಯನ್ ಮೆಕ್‌ಬ್ರೈಡ್. ಮೂರೇ ಜನ ಸೇರಿ ರಾಲಿನ್ಸ್ ಅವರದ್ದೇ ಒಂದು ಹಳೇ ಬ್ಲೂಸ್ ಎತ್ತಿಕೊಂಡರು. ಎರಡು ಹಿಡಿ ಸ್ವರಗಳ ಸಣ್ಣ ಹಾಡು. ನಡುವೆ ರಾಲಿನ್ಸ್ ಮೈಕಿಗೆ ಬಂದು, ಇನ್ನೊಬ್ಬರು ತಮ್ಮ ವಾದ್ಯ ಹಿಡಿದುಕೊಂಡು ಇಲ್ಲೇ ಇದ್ದಾರೆ ಎಂಬರ್ಥದ ಮಾತು ಹೇಳಿದರಂತೆ. ಜನ ವೇದಿಕೆಯ ಪಕ್ಕದ ಮರೆಯ ಕಡೆ ಕತ್ತು ಚಾಚಿದರು. ಯಾರೂ ಬರಲಿಲ್ಲ. ರಾಲಿನ್ಸ್ ಮತ್ತೆ ನುಡಿಸಿದರು. ಆಗಲೂ ಇಲ್ಲ. ಇನ್ನಷ್ಟು ನುಡಿಸಿದರು. ಕೊನೆಗೆ ಆಲ್ಟೋ ಸ್ಯಾಕ್ಸೋಫೋನಿನ ಆರ್ನೆಟ್ ಕೋಲ್ಮನ್ ನಿಧಾನಕ್ಕೆ ನಡೆದು ಬಂದರು. ಅವರಿಗೂ ಎಂಬತ್ತೇ. ಇಬ್ಬರೂ ಐವತ್ತರ ದಶಕದಿಂದ ಪರಿಚಯ, ಜೊತೆಗೆ ಅಭ್ಯಾಸವೂ ಮಾಡಿದವರು. ಆದರೆ ಜನರ ಎದುರು ಒಟ್ಟಿಗೆ ನಿಂತದ್ದು ಅದೇ ಮೊದಲು.

“ಆರ್ನೆಟ್ ನುಡಿಸಿದ್ದು ಬೇರೆಯೇ ಲೋಕದ್ದು. ನಮ್ಮವನು ಸುಮ್ನೆ ಇರ್ತಾನಾ? ತನ್ನ ದಾರಿ ಬಿಟ್ಟು ಅವನ ದಾರಿಗೆ ಹೋದ. ಎಂಬತ್ತನೇ ವಯಸ್ಸಿಗೆ!”

ಅದರ ರೆಕಾರ್ಡಿಂಗ್ ಸಿಗುತ್ತದೆ, ನಾನು ಕೇಳಿದ್ದೇನೆ ಅಂದೆ. ಭಾವ ನನ್ನನ್ನು ಅನುಕಂಪದಿಂದ ನೋಡಿದರು. “ಅದರಲ್ಲಿ ಎಂಥ ಉಂಟು? ಅದು ಊಟದ ಫೋಟೋ.”

ದಿನ 2, ಶುಕ್ರವಾರ

ಭಾವನಿಗೆ ಆಫೀಸು. ನಾನೊಬ್ಬನೇ ಮೆಟ್ರೋಪಾರ್ಕ್‌ನಿಂದ ರೈಲು ಹಿಡಿದು ಪೆನ್ ಸ್ಟೇಷನ್, ಅಲ್ಲಿಂದ ಸಬ್‌ವೇಯಲ್ಲಿ 135ನೇ ಬೀದಿ. ಮೇಲೆ ಬಂದರೆ ಎದುರಿಗೇ ಶಾಂಬರ್ಗ್ ಸೆಂಟರ್. ಕಪ್ಪು ಜನರ ಇತಿಹಾಸಕ್ಕೇ ಮೀಸಲಾದ ಗ್ರಂಥಾಲಯ. 2017ರಲ್ಲಿ ರಾಲಿನ್ಸ್ ಅವರ ಕಾಗದಪತ್ರಗಳು, ಅಭ್ಯಾಸದ ಟಿಪ್ಪಣಿಗಳು, ಟೇಪುಗಳು ಎಲ್ಲ ಇಲ್ಲಿಗೆ ಬಂದವು. ಅವನ್ನು ನೋಡಬೇಕಾದರೆ ಮೊದಲೇ ಸಮಯ ಗೊತ್ತು ಮಾಡಿಕೊಳ್ಳಬೇಕು. ನಾನು ಮಾಡಿಕೊಂಡಿರಲಿಲ್ಲ. ತಪ್ಪು ನನ್ನದೇ. ಬಂಟ್ವಾಳದ ಬುದ್ಧಿ, ಹೋದರೆ ಯಾರಾದರೂ ತೋರಿಸುತ್ತಾರೆ ಅಂದುಕೊಂಡಿದ್ದೆ. ಒಳಗಿನ ನೆಲದಲ್ಲಿ ಒಂದು ದೊಡ್ಡ ವೃತ್ತದ ಚಿತ್ತಾರವಿದೆ. ಅದರ ಕೆಳಗೆ ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಅವರ ಚಿತಾಭಸ್ಮ. ಗೊತ್ತಿಲ್ಲದೆ ತುಳಿದುಬಿಟ್ಟೆ. ಗೊತ್ತಾದ ಮೇಲೆ ನಮ್ಮ ಅಭ್ಯಾಸದಂತೆ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಕಾವಲುಗಾರ ನೋಡಿ ನಕ್ಕ.

ಅಲ್ಲಿಂದ ಶುಗರ್ ಹಿಲ್‌ಗೆ ನಡೆದೆ. ಹೆಸರಿಗೆ ತಕ್ಕ ಏರು. ಹಿಂದೆ ಅನುಕೂಲಸ್ಥ ಕಪ್ಪು ಕುಟುಂಬಗಳು, ಸಂಗೀತಗಾರರು, ಬರಹಗಾರರು ಇದ್ದ ಜಾಗ. ಕಂದು ಕಲ್ಲಿನ ಮನೆಗಳು, ಪ್ರತಿ ಮನೆಗೂ ಬೀದಿಯಿಂದ ಏರುವ ಮೆಟ್ಟಿಲು. ಇಂಥ ಒಂದು ಮೆಟ್ಟಿಲ ಮೇಲೆ ಹುಡುಗ ರಾಲಿನ್ಸ್ ಒಂದು ಫೋಟೋ ಹಿಡಿದುಕೊಂಡು ಕಾಯುತ್ತಾ ಕೂತಿದ್ದರು. ಅದು ಕೋಲ್ಮನ್ ಹಾಕಿನ್ಸ್ ಮನೆ ಮುಂದೆ. ಟೆನರ್ ಸ್ಯಾಕ್ಸೋಫೋನನ್ನು ಜಾಝ್‌ನಲ್ಲಿ ಮುಂದಿನ ಸಾಲಿಗೆ ತಂದವರೇ ಹಾಕಿನ್ಸ್. ಅವರು ಮನೆಗೆ ಬಂದಾಗ ಹುಡುಗ ಎದ್ದು ಹಸ್ತಾಕ್ಷರ ಹಾಕಿಸಿಕೊಂಡ.

ಕಥೆ ಅಲ್ಲಿಗೆ ನಿಂತಿದ್ದರೆ ಚಂದದ ಕಥೆ ಅಷ್ಟೇ. 1962ರಲ್ಲಿ, ತಾನೇ ದೊಡ್ಡ ಹೆಸರಾಗಿದ್ದಾಗ, ರಾಲಿನ್ಸ್ ಒಂದು ಕಚೇರಿ ಕೇಳಿ ಬಂದು ಹಾಕಿನ್ಸ್‌ಗೆ ಅಭಿಮಾನದ ಕಾಗದ ಬರೆದರು. ಮೂವತ್ತೆರಡು ವರ್ಷದ ಪ್ರಸಿದ್ಧ ಮನುಷ್ಯ, ಹನ್ನೆರಡರ ಹುಡುಗನ ಹಾಗೆ. ಮರುವರ್ಷ ಇಬ್ಬರೂ ಸೇರಿ ಒಂದು ರೆಕಾರ್ಡ್ ಮಾಡಿದರು. ಅದರಲ್ಲಿ ರಾಲಿನ್ಸ್ ನುಡಿಸಿದ್ದು ವಿಚಿತ್ರ. ಗುರುವಿನ ದಾರಿಗೆ ಕಾಲಿಡದೆ ಸುತ್ತಲಿನ ಪೊದೆಯಲ್ಲೇ ಓಡಾಡಿದ ಹಾಗೆ, ಕಿರುಚು, ತೊದಲು, ಅರ್ಧಕ್ಕೆ ಕಡಿದ ಮಾತು. ಮೊದಲು ಕೇಳಿದಾಗ ನನಗೆ ಕೋಪ ಬಂದಿತ್ತು. ಇವತ್ತು ಆ ಮೆಟ್ಟಿಲುಗಳ ಹತ್ತಿರ ನಿಂತಾಗ ಬೇರೆ ಹೊಳೆಯಿತು. ಅಷ್ಟು ದೊಡ್ಡವರ ಪಕ್ಕ ಅವರ ಹಾಗೇ ನುಡಿಸಿದರೆ ಅದು ಅಧಿಕಪ್ರಸಂಗ. ತೀರಾ ಬೇರೆಯಾಗಿ ನುಡಿಸುವುದೇ ಮರ್ಯಾದೆ. ಯಕ್ಷಗಾನದಲ್ಲಿ ಹಿರಿಯ ಭಾಗವತರ ಪಕ್ಕ ಕೂತ ಕಿರಿಯರನ್ನು ಕೇಳಿದರೆ ಈ ಕಷ್ಟ ಅರ್ಥವಾಗುತ್ತದೆ.

ಸಂಜೆ ಕಾಲು ಊದಿತ್ತು. ಶೂ ಬಗ್ಗೆ ಭಾವ ಕೇಳಿದ್ದು ಸರಿಯೇ.

ದಿನ 3, ಶನಿವಾರ

ಅಕ್ಕ ಕಟ್ಟಿಕೊಟ್ಟ ಚಿತ್ರಾನ್ನದ ಡಬ್ಬಿ ಹಿಡಿದು ಉತ್ತರಕ್ಕೆ ಹೊರಟೆವು. ಸಾಗರ್ಟೀಸ್‌ಗೆ ಎರಡು ಗಂಟೆ ಮೇಲೆ ಸ್ವಲ್ಪ ಜಾಸ್ತಿ. ಅಕ್ಟೋಬರ್ ಆದ್ದರಿಂದ ಗುಡ್ಡಗಳೆಲ್ಲ ಅರಶಿನ ಕುಂಕುಮ. ಅಕ್ಕ ಬಂದದ್ದು ಎಲೆ ನೋಡಲಿಕ್ಕೆ, ನಾವು ಕಲ್ಲು ನೋಡಲಿಕ್ಕೆ.

ಜಾಗದ ಹೆಸರು ಓಪಸ್ 40. ಹಾರ್ವಿ ಫೈಟ್ ಎಂಬ ಶಿಲ್ಪಿ ಹಳೇ ಕಲ್ಲುಕೋರೆಯೊಂದನ್ನು ಕೊಂಡು, 1939ರಿಂದ ಒಬ್ಬರೇ ಕಲ್ಲಿನ ಮೇಲೆ ಕಲ್ಲು ಜೋಡಿಸುತ್ತಾ ಹೋದರು. ಗಾರೆ ಇಲ್ಲ. ಮುಗಿಸಲು ನಲವತ್ತು ವರ್ಷ ಬೇಕು ಅಂದುಕೊಂಡು ಆ ಹೆಸರಿಟ್ಟರು. ಮೂವತ್ತೇಳನೇ ವರ್ಷದಲ್ಲಿ ಇಲ್ಲೇ ಬಿದ್ದು ತೀರಿಕೊಂಡರು. ಆರು ಎಕರೆಗೂ ಜಾಸ್ತಿ ಜಾಗದಲ್ಲಿ ನೀಲಿ ಛಾಯೆಯ ಕಲ್ಲಿನ ದಿಣ್ಣೆ, ಇಳಿಜಾರು, ಓಣಿ, ನಡುವೆ ನಿಲ್ಲಿಸಿದ ಒಂದು ಕಂಬ. ನಮ್ಮ ತೋಟದ ಕಟ್ಟಪುಣಿಗಳನ್ನು ಯಾರೋ ಹುಚ್ಚು ಹಿಡಿದು ಕಟ್ಟುತ್ತಾ ಹೋದರೆ ಹೀಗೇ ಕಾಣಬಹುದು.

1986ರ ಆಗಸ್ಟಿನಲ್ಲಿ ಇಲ್ಲಿ ರಾಲಿನ್ಸ್ ಕಚೇರಿ ಇತ್ತು. ಸಾಕ್ಷ್ಯಚಿತ್ರಕ್ಕೆ ಶೂಟಿಂಗ್ ಕೂಡ ನಡೆಯುತ್ತಿತ್ತು. ಒಬ್ಬರೇ ಸೋಲೋ ನುಡಿಸುತ್ತಾ, ಅತ್ತಿಂದಿತ್ತ ನಡೆಯುತ್ತಾ, ಇದ್ದಕ್ಕಿದ್ದಂತೆ ಕಲ್ಲಿನ ಅಂಚಿನಿಂದ ಕೆಳಕ್ಕೆ ಹಾರಿಬಿಟ್ಟರು. ಹಿಮ್ಮಡಿ ಮೂಳೆ ಮುರಿಯಿತು. ಮಲಗಿದರು. ಒಂದು ಕ್ಷಣ ಎಲ್ಲ ನಿಶ್ಶಬ್ದ. ಆಮೇಲೆ ಅಂಗಾತ ಮಲಗಿದಲ್ಲಿಂದಲೇ ಮತ್ತೆ ನುಡಿಸಲು ಶುರು ಮಾಡಿದರು.

ಭಾವ ಒಂದು ಅಂಚಿನಲ್ಲಿ ನಿಂತು ಕೆಳಗೆ ನೋಡಿದರು. ಆಳು ಎತ್ತರಕ್ಕೆ ಸ್ವಲ್ಪವೇ ಜಾಸ್ತಿ. “ಇಲ್ಲಿಂದಲೇ ಇರಬೇಕು,” ಅಂದರು. ಆಮೇಲೆ ಇನ್ನೊಂದು ಅಂಚಿಗೆ ಹೋಗಿ ಅಲ್ಲಿಯೂ ಅದನ್ನೇ ಅಂದರು.

“ನೀವು ಹಾರಬೇಡಿ,” ಅಂದಳು ಅಕ್ಕ ಚಿತ್ರಾನ್ನ ತಟ್ಟೆಗೆ ಹಾಕುತ್ತಾ.

ಅಭಿಮಾನಿಗಳು ಈ ಘಟನೆಯನ್ನು ಪವಾಡದ ಹಾಗೆ ಹೇಳುತ್ತಾರೆ. ನೋಡಿದ್ದೀರಾ ಎಂಥ ಮನುಷ್ಯ, ಕಾಲು ಮುರಿದರೂ ನಿಲ್ಲಿಸಲಿಲ್ಲ. ನನಗೆ ಕಾಡಿದ್ದು ಹಾರುವ ಮೊದಲಿನ ಕ್ಷಣ. ಆ ಚಿತ್ರದಲ್ಲಿ ನೋಡಿದರೆ, ಸೋಲೋ ಎಲ್ಲೋ ಸಿಕ್ಕಿಹಾಕಿಕೊಂಡಿದೆ. ಅದೇ ಮಾತು ತಿರುಗಿ ತಿರುಗಿ ಬರುತ್ತಿದೆ, ಬಾಗಿಲು ಸಿಗುತ್ತಿಲ್ಲ. ಸ್ವರದಲ್ಲಿ ಸಿಗದ ದಾರಿಯನ್ನು ಮೈಯಿಂದ ಹುಡುಕಿದರು ಅಂತ ನನ್ನ ಲೆಕ್ಕ. ಇದನ್ನು ಹೇಳಿದ್ದಕ್ಕೆ ಭಾವ ಅರ್ಧ ಗಂಟೆ ಮಾತು ಬಿಟ್ಟರು.

ವಾಪಸು ಬರುವಾಗ ಹಡ್ಸನ್ ನದಿಯ ಆಚೆ ದಡವನ್ನು ತೋರಿಸಿದರು. ಅಲ್ಲಿ ಜರ್ಮನ್‌ಟೌನ್‌ನಲ್ಲಿ ರಾಲಿನ್ಸ್ ಮತ್ತು ಅವರ ಹೆಂಡತಿ ಲೂಸಿಲ್ ಬಹಳ ವರ್ಷ ಇದ್ದರು. ಹೋಗೋಣವಾ ಅಂತ ಭಾವ ಕೇಳಲಿಲ್ಲ, ನಾನೂ ಕೇಳಲಿಲ್ಲ. ಮನೆ ಬಾಗಿಲಿಗೆ ಹೋಗಿ ಇಣುಕುವುದು ಸರಿಯಲ್ಲ, ಅಲ್ವಾ?

ದಿನ 4, ಭಾನುವಾರ

ಮಳೆ. ಮ್ಯಾನ್‌ಹಟನ್ ಯೋಜನೆ ರದ್ದು. ಅಕ್ಕ ಗೋಳಿಬಜೆ ಕರಿದಳು, ಭಾವ ಸಿಡಿಗಳ ಪೆಟ್ಟಿಗೆ ಇಳಿಸಿದರು.

ಇವತ್ತು ಕೇಳಿದ್ದೆಲ್ಲ ಲೈವ್. ಅದರ ಹಿಂದೆ ಒಂದು ಕಳ್ಳತನದ ಕಥೆ ಇದೆ. ರಾಲಿನ್ಸ್ ಅಭಿಮಾನಿಗಳಲ್ಲಿ ಒಬ್ಬರು, ಕಚೇರಿಗಳಿಗೆ ಹೋಗಿ ಅಡಗಿಸಿಟ್ಟುಕೊಂಡು ರೆಕಾರ್ಡ್ ಮಾಡುವವರು. ಬೇರೆ ಊರಿನ ಇಂಥವರಿಂದ ಟೇಪು ವಿನಿಮಯ ಮಾಡಿಕೊಳ್ಳುವವರು. ಸ್ಟುಡಿಯೋದಲ್ಲಿ ರಾಲಿನ್ಸ್ ಅರ್ಧ ಮನುಷ್ಯ, ವೇದಿಕೆಯಲ್ಲಿ ಮಾತ್ರ ಪೂರ್ತಿ ಅಂತ ಇವರೆಲ್ಲರ ದೂರು. 2001ರ ಸೆಪ್ಟೆಂಬರ್ 11ರಂದು ಅವಳಿ ಗೋಪುರಗಳು ಬಿದ್ದಾಗ ರಾಲಿನ್ಸ್ ಅಲ್ಲಿಂದ ಆರು ಬೀದಿ ದೂರದ ಬಹುಮಹಡಿ ಕಟ್ಟಡದಲ್ಲಿದ್ದರು. ಸ್ಯಾಕ್ಸೋಫೋನ್ ಒಂದನ್ನು ಹಿಡಿದುಕೊಂಡು ಮನೆ ಖಾಲಿ ಮಾಡಬೇಕಾಯಿತು. 15ರಂದು ಬಾಸ್ಟನ್‌ನಲ್ಲಿ ಕಚೇರಿ. ಅವರಿಗೆ ಮನಸ್ಸಿರಲಿಲ್ಲ, ಹೋಗಲೇಬೇಕು ಅಂತ ಲೂಸಿಲ್ ಹಟ ಹಿಡಿದರು. ಆ ಅಭಿಮಾನಿ ಅವತ್ತು ಸಭೆಯಲ್ಲಿ ಕೂತು ಕದ್ದು ಧ್ವನಿಮುದ್ರಿಸಿದ್ದರು. 2005ರಲ್ಲಿ ಅದೇ ಟೇಪು ಅಧಿಕೃತ ಆಲ್ಬಮ್ ಆಯಿತು. ಅದರ ಒಂದು ಸೋಲೋಗೆ ಗ್ರ್ಯಾಮಿ ಕೂಡ ಬಂತು. ಕದ್ದವರ ಪೆಟ್ಟಿಗೆಯಿಂದಲೇ ಮುಂದೆ ಇನ್ನಷ್ಟು ಲೈವ್ ತುಣುಕುಗಳು ಹೊರಬಂದವು.

“ಕದ್ದಿದ್ದು ತಪ್ಪಲ್ವಾ ಭಾವ?”

“ತಪ್ಪೇ. ಕೃಷ್ಣ ಬೆಣ್ಣೆ ಕದ್ದದ್ದೂ ತಪ್ಪೇ.”

ಇನ್ನೂ ಒಂದು ವಿಷಯ ಇದೆ. ಅಭಿಮಾನಿಗಳು ಹುಡುಕಿ ಹುಡುಕಿ ಕೇಳಿದ್ದನ್ನು ರಾಲಿನ್ಸ್ ಸ್ವತಃ ಕೇಳಲಾರರು. ತಮ್ಮ ನುಡಿಕೆ ತಮಗೇ ಹಿಂಸೆ. 1957ರಲ್ಲಿ ಕಾರ್ನೆಗಿ ಹಾಲ್‌ನಲ್ಲಿ ನುಡಿಸಿದ್ದರು. ಐವತ್ತು ವರ್ಷ ತುಂಬಿತೆಂದು 2007ರಲ್ಲಿ ಅಲ್ಲೇ ಮತ್ತೆ ನುಡಿಸಿದರು. ಹಳೆಯದು ಹೊಸದು ಎರಡನ್ನೂ ಸೇರಿಸಿ ಆಲ್ಬಮ್ ತರುವುದು ಅಂತ ಮಾತಾಗಿತ್ತು. ಹೊಸದನ್ನು ಕೇಳಿದ ಮೇಲೆ ಬೇಡ ಅಂದರು. ಒಂದೇ ಒಂದು ಹಾಡು ಹೊರಗೆ ಬಂತು. ಅವತ್ತು ಸಭೆಯಲ್ಲಿದ್ದವರು ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ಭಾವ ಈಗಲೂ ಆ ಆಲ್ಬಮ್‌ಗೆ ಕಾಯುತ್ತಿದ್ದಾರೆ.

ಕೇಳಿದ್ದರಲ್ಲಿ ನನಗೆ ಹಿಡಿಸಿದ್ದು ಎಪ್ಪತ್ತರ ದಶಕದ ಒಂದು ಕಡೆನ್ಸಾ. ವಾದ್ಯವೃಂದವೆಲ್ಲ ಸುಮ್ಮನಾಗಿ ಇವರೊಬ್ಬರೇ. ಒಂದು ಹಾಡಿನ ಬಾಲ ಹಿಡಿದು ಇನ್ನೊಂದರ ತಲೆ, ಅದರ ನಡುವಿನಿಂದ ಮತ್ತೊಂದು, ಮಕ್ಕಳ ಪದ್ಯ, ಹಳೇ ಸಿನಿಮಾ ಧಾಟಿ. ತಾಳ ಇಲ್ಲ, ಆದರೂ ನಡಿಗೆ ಇದೆ. ಕದ್ರಿಯವರು ರಾಗಮಾಲಿಕೆಯಲ್ಲಿ ಒಂದು ರಾಗದ ಹೊಸ್ತಿಲಲ್ಲಿ ನಿಂತು ಮುಂದಿನದರ ವಾಸನೆ ತೋರಿಸುತ್ತಿದ್ದರಲ್ಲ, ಅದೇ ತುಂಟತನ. ಹತ್ತು ನಿಮಿಷ ಬಿಟ್ಟು ಅದನ್ನೇ ಮತ್ತೆ ಹಾಕಿಸಿದೆ.

ಭಾವನಿಗೆ ಉತ್ಸಾಹ ಏರಿತು. ಕಣ್ಣು ಮುಚ್ಚಿ ಜೊತೆಗೆ ಹಾಡತೊಡಗಿದರು. ಭಾವನಿಗೆ ಶ್ರುತಿ ಇಲ್ಲ. ಇದು ಸಂಬಂಧಿಕರಲ್ಲೆಲ್ಲ ಪ್ರಸಿದ್ಧ. ಅಡುಗೆ ಮನೆಯಿಂದ ಅಕ್ಕ ಕೂಗಿದಳು, “ಪಕ್ಕದ ಮನೆಯಲ್ಲಿ ಸಣ್ಣ ಮಗು ಉಂಟು!” ಭಾವ ಗೋಳಿಬಜೆ ಬಾಯಿಗೆ ಹಾಕಿಕೊಂಡರು.

ದಿನ 5, ಸೋಮವಾರ

ವಿಲೇಜ್ ವ್ಯಾನ್‌ಗಾರ್ಡ್. ಸೆವೆಂತ್ ಅವೆನ್ಯೂ ಸೌತ್‌ನಲ್ಲಿ ಕೆಂಪು ಬಾಗಿಲು, ಹದಿನೈದು ಮೆಟ್ಟಿಲು ಇಳಿದರೆ ನೆಲಮಾಳಿಗೆ. 1935ರಲ್ಲಿ ಮ್ಯಾಕ್ಸ್ ಗಾರ್ಡನ್ ತೆರೆದದ್ದು. ಕೋಣೆ ಸಮೋಸ ಕತ್ತರಿಸಿದ ಹಾಗೆ ಮೂರು ಮೂಲೆ, ವೇದಿಕೆ ಇರುವ ಕಡೆ ಚೂಪು. 123 ಜನಕ್ಕೆ ಮಾತ್ರ ಜಾಗ. ಅಡುಗೆ ಮನೆ ಹೆಸರಿಗೆ ಅಡುಗೆ ಮನೆ. ಅಲ್ಲಿ ಈಗ ಅಡುಗೆ ಇಲ್ಲ, ಕಲಾವಿದರು ಕೂರುವುದೇ ಅಲ್ಲಿ. ನುಡಿಸುವಾಗ ಮಾತಿಲ್ಲ, ಫೋಟೋ ಇಲ್ಲ. ಆಗಾಗ ಕಾಲ ಕೆಳಗಿಂದ ಸಬ್‌ವೇ ಗುಡುಗುತ್ತದೆ. ಅದಕ್ಕೆ ಮಾತ್ರ ಯಾರೂ ಶ್ ಅನ್ನುವುದಿಲ್ಲ.

1957ರ ನವೆಂಬರ್ 3, ಭಾನುವಾರ, ರಾಲಿನ್ಸ್ ಇಲ್ಲಿ ನುಡಿಸಿದ್ದನ್ನು ರೆಕಾರ್ಡ್ ಮಾಡಿದರು. ಈ ಕೋಣೆಯಲ್ಲಿ ಆದ ಮೊದಲ ಲೈವ್ ರೆಕಾರ್ಡ್ ಅದು. ಮಧ್ಯಾಹ್ನ ಒಂದು ಜೋಡಿ, ರಾತ್ರಿ ಇನ್ನೊಂದು. ರಾತ್ರಿ ಬಾಸ್‌ಗೆ ವಿಲ್ಬರ್ ವೇರ್, ಡ್ರಮ್ಸ್‌ಗೆ ಎಲ್ವಿನ್ ಜೋನ್ಸ್. ಪಿಯಾನೋ ಇಲ್ಲವೇ ಇಲ್ಲ. ಪಿಯಾನೋ ಇದ್ದರೆ ಹಾಡಿನ ಕಾರ್ಡ್‌ಗಳನ್ನು, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛಗಳನ್ನು, ಅದು ಹಾಕುತ್ತಾ ಹೋಗುತ್ತದೆ, ನುಡಿಸುವವನಿಗೆ ಕಾಲಿಡಲು ಮೆಟ್ಟಿಲು ಸಿದ್ಧ. ಮೆಟ್ಟಿಲು ತೆಗೆದರೆ ಹಾಡಿನ ಒಳಗಟ್ಟನ್ನು ಒಬ್ಬನೇ ನೆನಪಿನಲ್ಲಿ ಹೊರಬೇಕು, ಕೇಳುವವರಿಗೂ ಕಾಣುವಂತೆ. ತಪ್ಪಿದರೆ ಮುಚ್ಚಿಕೊಳ್ಳಲು ಯಾರೂ ಇಲ್ಲ. ಪಿಟೀಲು ಇಲ್ಲದೆ, ಬರೀ ಮೃದಂಗ ಇಟ್ಟುಕೊಂಡು ಮೂರು ಗಂಟೆ ಹಾಡಿದ ಹಾಗೆ.

ಗುಂಥರ್ ಶುಲರ್ ಎಂಬ ಸಂಗೀತಗಾರರು 1958ರಲ್ಲಿ ರಾಲಿನ್ಸ್ ಸೋಲೋ ಒಂದನ್ನು ಬಿಡಿಸಿ ಲೇಖನ ಬರೆದರು. ಸ್ವರದ ಮೇಲೆ ಸ್ವರ ಸುರಿಯುವುದಿಲ್ಲ, ಮೊದಲ ಪುಟ್ಟ ಮಾತನ್ನೇ ತಿರುವಿ, ಕತ್ತರಿಸಿ, ಹಿಗ್ಗಿಸಿ ಇಡೀ ಸೋಲೋ ಕಟ್ಟುತ್ತಾರೆ ಎಂಬುದು ಅದರ ಸಾರ. ನಮ್ಮ ನೆರವಲ್ ಕೇಳಿದವರಿಗೆ ಇದರಲ್ಲಿ ಹೊಸದೇನೂ ಇಲ್ಲ, ಆದರೆ ಜಾಝ್ ಲೋಕಕ್ಕೆ ಅದು ದೊಡ್ಡ ಸುದ್ದಿ. ರಾಲಿನ್ಸ್ ಅದನ್ನು ಓದಿ ಗಾಬರಿಯಾದರು. ತಾನು ಮಾಡುತ್ತಿರುವುದು ಏನು ಅಂತ ಗೊತ್ತಾದರೆ ಮಾಡಲಾಗುವುದಿಲ್ಲ ಅಂತ ವಿಮರ್ಶೆ ಓದುವುದನ್ನೇ ಬಿಟ್ಟರು. ಎಂಥ ಜಾಣತನ ಅಂತ ನನಗೆ ಅನ್ನಿಸುತ್ತದೆ.

ಸೋಮವಾರ ಇಲ್ಲಿ ವ್ಯಾನ್‌ಗಾರ್ಡ್ ಜಾಝ್ ಆರ್ಕೆಸ್ಟ್ರಾ. 1966ರ ಫೆಬ್ರವರಿಯಿಂದ ಬಂದ ಪದ್ಧತಿ. ಹದಿನಾರು ಜನ ಆ ಚೂಪು ಮೂಲೆಗೆ ಹೇಗೆ ಹಿಡಿಸುತ್ತಾರೋ. ನನ್ನ ಪಕ್ಕ ಎಪ್ಪತ್ತು ದಾಟಿದ ಅಮ್ಮ ಒಬ್ಬರು, ಒಂದು ಲೋಟ ವೈನ್ ಮುಂದಿಟ್ಟುಕೊಂಡು. ನಾನು ಗೋಡೆಯ ಮೇಲಿನ ಫೋಟೋಗಳ ಕಡೆ ನೋಡುತ್ತಿದ್ದುದನ್ನು ಕಂಡು, “ಯಾರನ್ನು ಹುಡುಕುತ್ತಿದ್ದೀರಿ?” ಅಂದರು. ಹೇಳಿದೆ. ಅವರ ಮುಖ ಅರಳಿತು.

1972ರಲ್ಲಿ ಅವರು ವಿದ್ಯಾರ್ಥಿನಿ. ರಾಲಿನ್ಸ್ ಎರಡನೇ ಸಲ ಎರಡು ವರ್ಷ ನಾಪತ್ತೆಯಾಗಿ ವಾಪಸು ಬಂದಿದ್ದ ಕಾಲ. ಇದೇ ಕೋಣೆಯಲ್ಲಿ ನಾಲ್ಕು ರಾತ್ರಿ ಕೇಳಿದರಂತೆ.

“ನಾಲ್ಕೂ ರಾತ್ರಿ ಅದ್ಭುತವಾ?” ಅಂತ ಭಾವ ಆಸೆಯಿಂದ ಕೇಳಿದರು.

“ಛೆ, ಇಲ್ಲ. ಎರಡು ರಾತ್ರಿ ಸಾಧಾರಣ. ಒಂದು ರಾತ್ರಿ ಕೆಟ್ಟದ್ದು. ರೀಡ್ ಸರಿಯಿಲ್ಲವೋ, ಮನಸ್ಸು ಸರಿಯಿಲ್ಲವೋ, ಅದೇ ನಾಲ್ಕು ಸ್ವರ ಉಜ್ಜುತ್ತಾ ಇದ್ದರು. ನಾಲ್ಕನೇ ರಾತ್ರಿ ನನ್ನ ಕುರ್ಚಿಯ ಪಕ್ಕವೇ ನಡೆದು ಬಂದರು, ನುಡಿಸುತ್ತಾ. ವಾದ್ಯದ ಬಾಯಿ ಇಷ್ಟು ಹತ್ತಿರ.” ಅಮ್ಮ ಅಂಗೈಯನ್ನು ಕೆನ್ನೆಯ ಹತ್ತಿರ ತಂದು ತೋರಿಸಿದರು. “ವಾದ್ಯದ ಕೀಗಳು ಟಕ್ ಟಕ್ ಅನ್ನುವುದು ಕೇಳುತ್ತಿತ್ತು. ಉಸಿರು ತೆಗೆದುಕೊಳ್ಳುವುದು ಕೇಳುತ್ತಿತ್ತು. ನನ್ನ ಗ್ಲಾಸಿನಲ್ಲಿ ನೀರು ನಡುಗುತ್ತಿತ್ತು.”

ಅಷ್ಟು ಹೇಳಿ ಸುಮ್ಮನಾದರು. ಯಾವ ಹಾಡು ಅಂತ ಕೇಳಿದೆ. ನೆನಪಿಲ್ಲ ಅಂದರು. ಗ್ಲಾಸು ನೆನಪಿದೆ, ಹಾಡು ಇಲ್ಲ.

ಎರಡನೇ ಆಟದಲ್ಲಿ ಟೆನರ್‌ನವರೊಬ್ಬರು ಎದ್ದು ಉದ್ದದ ಸೋಲೋ ನುಡಿಸಿದರು. ಚೆನ್ನಾಗಿತ್ತು, ಬಹಳ ಚೆನ್ನಾಗಿತ್ತು. ನಾನು ನನ್ನ ಗ್ಲಾಸನ್ನೇ ನೋಡುತ್ತಿದ್ದೆ. ನಡುಗಿತು, ಆದರೆ ಅದು ಸಬ್‌ವೇ. ಪೆನ್ ಸ್ಟೇಷನ್‌ಗೆ ಓಡಿದೆವು, ರೈಲು ತಪ್ಪಿತು. ಮುಂದಿನದಕ್ಕೆ ಒಂದು ಗಂಟೆ. ಅಕ್ಕನಿಗೆ ಫೋನ್ ಮಾಡುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ದಿನ 6, ಮಂಗಳವಾರ

ಭಾವ ರಜೆ ಹಾಕಿದ್ದರು. ಮೊದಲು 400 ಗ್ರ್ಯಾಂಡ್ ಸ್ಟ್ರೀಟ್. ರಾಲಿನ್ಸ್ 1959ರಲ್ಲಿ ಇದ್ದ ವಿಳಾಸ. ಹಳೇ ಕಟ್ಟಡ ಈಗ ಇಲ್ಲ. ಆ ನಂಬರಿನಲ್ಲಿ ಟ್ರೇಡರ್ ಜೋಸ್ ಅಂಗಡಿ. ಅದರ ಮೇಲಿನ ಹೊಸ ಅಪಾರ್ಟ್‌ಮೆಂಟ್ ಕಟ್ಟಡಕ್ಕೆ ಇಟ್ಟ ಹೆಸರು ‘ದ ರಾಲಿನ್ಸ್’. ಬೇರೇನೂ ತೋಚದೆ ಒಳಗೆ ಹೋಗಿ ನಾಲ್ಕು ಬಾಳೆಹಣ್ಣು ಕೊಂಡೆವು. ಭಾವ ರಸೀದಿಯನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡರು. ಅದರಲ್ಲಿ ವಿಳಾಸ ಅಚ್ಚಾಗಿತ್ತಲ್ಲ.

1959ರಲ್ಲಿ ರಾಲಿನ್ಸ್‌ಗೆ ಮೂವತ್ತು ತುಂಬಿರಲಿಲ್ಲ. ಪತ್ರಿಕೆಗಳು ಅವರನ್ನು ಟೆನರ್‌ನ ಸಾರ್ವಭೌಮ ಮಾಡಿ ಕೂರಿಸಿದ್ದವು. ಅವರು ಎಲ್ಲ ಕಚೇರಿ ಬಿಟ್ಟರು. ಹೊಗಳಿಕೆಗೆ ತಕ್ಕಂತೆ ತಾನು ನುಡಿಸುತ್ತಿಲ್ಲ, ಕಲಿಯುವುದಿದೆ ಅಂತ. ಮನೆಯಲ್ಲಿ ಅಭ್ಯಾಸ ಮಾಡೋಣ ಅಂದರೆ ಪಕ್ಕದ ಮನೆಯಲ್ಲಿ ತುಂಬು ಗರ್ಭಿಣಿ. ಟೆನರ್‌ನ ಸದ್ದು ಗೋಡೆಯ ಮಾತು ಕೇಳುವುದಿಲ್ಲ. ಒಂದು ದಿನ ಹೀಗೇ ನಡೆಯುತ್ತಾ ಹೋದಾಗ ವಿಲಿಯಮ್ಸ್‌ಬರ್ಗ್ ಸೇತುವೆಯ ಮೆಟ್ಟಿಲು ಕಂಡಿತು. ಅಲ್ಲಿಂದ ಎರಡು ವರ್ಷ, ದಿನಕ್ಕೆ ಕೆಲವೊಮ್ಮೆ ಹದಿನೈದು ಹದಿನಾರು ಗಂಟೆ, ಚಳಿಗಾಲದಲ್ಲೂ. ಒಬ್ಬ ಬರಹಗಾರ ಅವರನ್ನು ಅಲ್ಲಿ ಕಂಡು 1961ರಲ್ಲಿ ಪತ್ರಿಕೆಯಲ್ಲಿ ಬರೆದ. ಪುಣ್ಯಾತ್ಮ ಸೇತುವೆಯ ಹೆಸರು ಬದಲಾಯಿಸಿದ್ದ, ಜನ ಹೋಗಿ ಕಾಟ ಕೊಡಬಾರದು ಅಂತ. ಆ ವರ್ಷದ ಕೊನೆಗೆ ರಾಲಿನ್ಸ್ ಇಳಿದು ಬಂದರು. ಮೊದಲ ಆಲ್ಬಮ್‌ಗೆ ‘ದ ಬ್ರಿಡ್ಜ್’ ಅಂತಲೇ ಹೆಸರು.

ಹಾಗೆ ಬಿಟ್ಟು ಹೋಗುವುದು ಅವರಿಗೆ ಅಭ್ಯಾಸವೇ ಆಯಿತು. ಅರವತ್ತರ ದಶಕದ ಕೊನೆಯಲ್ಲಿ ಮುಂಬೈಗೂ ಬಂದರು, ಪೊವಾಯಿಯಲ್ಲಿ ಸ್ವಾಮಿ ಚಿನ್ಮಯಾನಂದರ ಆಶ್ರಮಕ್ಕೆ. ಕಣ್ಣು ಮುಚ್ಚಿ ಕೂತರೆ ಧ್ಯಾನ ಹತ್ತುತ್ತಿಲ್ಲ ಅಂದರಂತೆ. ನೀನು ವಾದ್ಯ ನುಡಿಸುವುದೇ ಧ್ಯಾನ ಅಂತ ಸ್ವಾಮೀಜಿ ಹೇಳಿ ಕಳಿಸಿದರು.

ಡೆಲಾನ್ಸಿ ಬೀದಿಯ ಕಡೆಯಿಂದ ಹತ್ತಿದೆವು. 1903ರ ಸೇತುವೆ, ಒಟ್ಟು ಉದ್ದ ಎರಡು ಕಿಲೋಮೀಟರಿಗೂ ಜಾಸ್ತಿ. ನಡೆಯುವ ದಾರಿ ರಸ್ತೆಗಿಂತ ಮೇಲಿದೆ. ಎರಡೂ ಕಡೆ ಮಾಸಿದ ಗುಲಾಬಿ ಬಣ್ಣದ ಕಂಬಿ, ಅದರ ತುಂಬ ಗೀಚು. ಕೆಳಗೆ ಕಾರುಗಳು, ನಡುವೆ ರೈಲು, ಇನ್ನೂ ಕೆಳಗೆ ಈಸ್ಟ್ ರಿವರ್. ನನಗೆ ಸೇತುವೆ ಅಂದರೆ ನೇತ್ರಾವತಿಯದ್ದು, ಪಾಣೆಮಂಗಳೂರಿನದ್ದು. ಅಲ್ಲಿ ನಿಂತರೆ ನೀರಿನ ಸದ್ದು ಕೇಳುತ್ತದೆ. ಇಲ್ಲಿ ನೀರು ಕಾಣುತ್ತದೆ ಅಷ್ಟೇ.

ಮಧ್ಯಕ್ಕೆ ಬಂದಾಗ ಭಾವ ನಿಂತರು. “ಇಲ್ಲೆಲ್ಲೋ,” ಅಂದರು. ಈ ಸಲ ಇನ್ನೊಂದು ಜಾಗ ತೋರಿಸಲಿಲ್ಲ. ಕೆಳಗೆ ದೋಣಿಯೊಂದು ಹಾರ್ನ್ ಹೊಡೆಯಿತು. ರಾಲಿನ್ಸ್ ಇಲ್ಲಿ ನಿಂತು ಆ ಹಾರ್ನ್‌ಗಳಿಗೆ ಉತ್ತರ ಕೊಡುತ್ತಿದ್ದರು.

ನಾನು ಒಂದು ಪೆದ್ದು ಕೆಲಸ ಯೋಚಿಸಿಟ್ಟಿದ್ದೆ. 1957ರ ವ್ಯಾನ್‌ಗಾರ್ಡ್ ರೆಕಾರ್ಡನ್ನು ಇಲ್ಲಿ ನಿಂತು ಕೇಳುವುದು. ಇಯರ್‌ಫೋನ್ ಹಾಕಿ ಶುರು ಮಾಡಿದೆ. ಗಾಳಿಗೆ ಅರ್ಧ ಹೋಯಿತು. ವಾಲ್ಯೂಮ್ ಏರಿಸಿದೆ. ಅಷ್ಟರಲ್ಲಿ ಜೆ ರೈಲು ಬಂತು. ಸದ್ದು ಅಂದರೆ ಸದ್ದಲ್ಲ, ಕಂಬಿ ಹಿಡಿದ ಕೈಯೊಳಗೆ ಮೂಳೆ ಅದುರಿತು. ವಾಲ್ಯೂಮ್ ಪೂರ್ತಿ ಇತ್ತು, ಕಿವಿಯೊಳಗೇ ನುಡಿಯುತ್ತಿತ್ತು, ಒಂದು ಸ್ವರವೂ ಕೇಳಲಿಲ್ಲ. ಚಪ್ಪಾಳೆ ತಟ್ಟಿ ನೋಡಿದೆ, ಅದೂ ಇಲ್ಲ. ಇದರ ಮೇಲೆ ಕೇಳಿಸುವ ಹಾಗೆ ನುಡಿಸಬೇಕಾದರೆ ಹೊಟ್ಟೆಯ ಯಾವ ತಳದಿಂದ ಉಸಿರು ತರಬೇಕು! ಇಲ್ಲಿಂದ ಹೋಗಿ ಬೀಕನ್‌ನಲ್ಲಿ ನಿಂತವರು ಎದೆಗೂಡು ಗುಂಯ್ ಅನ್ನಿಸಿದ್ದರಲ್ಲಿ ಆಶ್ಚರ್ಯ ಇಲ್ಲ.

ಇಯರ್‌ಫೋನ್ ತೆಗೆದು ಭಾವನ ಕಡೆ ತಿರುಗಿದೆ. ಅವರು ನದಿಗೆ ಮುಖ ಮಾಡಿ ಏನೋ ಹೇಳುತ್ತಿದ್ದರು. ಬಾಯಿ ದೊಡ್ಡದಾಗಿ ತೆರೆದಿತ್ತು, ಕುತ್ತಿಗೆಯ ನರ ಉಬ್ಬಿತ್ತು. ಕೂಗುತ್ತಿದ್ದಾರಾ ಅಂತ ಗಾಬರಿಯಾಗಿ ಹತ್ತಿರ ಹೋದೆ. ರೈಲಿನ ಕೊನೆಯ ಬೋಗಿ ದಾಟಿತು. ಭಾವ ತಟ್ಟನೆ ಬಾಯಿ ಮುಚ್ಚಿದರು.

“ಎಂಥ ಹೇಳಿದ್ರಿ ಭಾವ? ಕೇಳಲಿಲ್ಲ.”

“ಹೇಳಿದ್ದಲ್ಲ.” ಅತ್ತಿತ್ತ ನೋಡಿದರು. ಸೈಕಲ್‌ನವನೊಬ್ಬ ದೂರದಲ್ಲಿ ಹೋಗುತ್ತಿದ್ದ. “ಹಾಡಿದ್ದು.”

ಬಾಳೆಹಣ್ಣು ಸುಲಿದು ತಿನ್ನುತ್ತಾ ಮುಂದಿನ ರೈಲಿಗೆ ಕಾದೆವು.